ಮೀನಖಂಡ ಹಿಡಿಯುತ್ತಿದ್ದ ವರ್ಷ

ನನಗೆ ಹುಟ್ಟಿನಿಂದ ಅಂಟಿಕೊಂಡ ಚಾಳಿ ಒಂದಿದೆ. ಏನಾದರೂ ಆದರೆ ಅದು ಯಾಕಾಯಿತು ಎಂದು ಗೊತ್ತಾಗುವವರೆಗೂ ಕೈಕೆಲಸ ಓಡುವುದಿಲ್ಲ. ಬಂಡೂರಿನ ತವರಿನಲ್ಲಿ ಅಪ್ಪ ಇದನ್ನು ಕಂಡು ನಗುತ್ತಿದ್ದ. ಕುರಿ ಮೇಯಿಸಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದ. ಮದುವೆಯಾಗಿ ಮಂಡ್ಯದ ಪಕ್ಕದ ಗುತ್ತಲಿಗೆ ಬಂದ ಮೇಲೆ ಅತ್ತೆಯ ಹತ್ತಿರ ಈ ಬೇಳೆ ಬೇಯಲಿಲ್ಲ. "ಅದ್ಯಾಕೆ ಇದ್ಯಾಕೆ ಅಂತ ಪೊಲೀಸ್ನೋರ್ ಥರ ಕೇಳ್ತೀಯಲ್ಲಮ್ಮಿ, ಮೊದ್ಲು ಮುದ್ದೆ ತಿರುವು" ಎನ್ನುತ್ತಿದ್ದರು. ನಾನು ಮುದ್ದೆ ತಿರುವುತ್ತಲೇ ಯೋಚಿಸುತ್ತಿದ್ದೆ.

ಮನೆಯಲ್ಲಿ ಇದ್ದದ್ದು ಮೂರೇ ಜನ: ಅತ್ತೆ, ಅವರ ಒಬ್ಬನೇ ಮಗ, ನಾನು. ನಾಲೆ ತೋಡುವಾಗ ನಮ್ಮ ಜಮೀನಿನ ಮುಕ್ಕಾಲು ಪಾಲು ನಾಲೆಗೇ ಹೋಗಿತ್ತು. ಊರಿಗೆಲ್ಲ ನೀರು ಬಂತು, ನಮಗೆ ದಂಡೆ ಬಂತು. ಉಳಿದ ಪಟ್ಟೆಯಲ್ಲಿ ಮೂವರ ಹೊಟ್ಟೆ ತುಂಬುತ್ತಿರಲಿಲ್ಲ, ಅತ್ತೆ ಬೇರೆಯವರ ಕಬ್ಬಿನ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದರು. ಹಾಗಾಗಿ ಯಜಮಾನರಿಗೆ ಕಾಡಿನ ಗಾರ್ಡ್ ಕೆಲಸ ಸಿಗಲೇಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಇವರಿಗೆ ಓದು ಬರಹ ಸಾಕಷ್ಟಿತ್ತು, ಮೈಕಟ್ಟೂ ಇತ್ತು. ಕಷ್ಟ ಇದ್ದದ್ದು ನಡಿಗೆಯಲ್ಲಿ. ಆ ಕೆಲಸಕ್ಕೆ ಸೇರುವವರು ನಾಲ್ಕು ಗಂಟೆಯಲ್ಲಿ ಹದಿನಾರು ಮೈಲಿ ನಡೆದು ತೋರಿಸಬೇಕಿತ್ತು, ಮದ್ದೂರಿನಿಂದ ಮಳವಳ್ಳಿಯವರೆಗೆ. ಹಿಂದಿನ ವರ್ಷ ಇವರು ಬಾಯಾರಿತು ಎಂದು ದಾರಿಯಲ್ಲೊಂದು ಮರದ ಕೆಳಗೆ ಕೂತು, ಏಳಲು ಸೋಮಾರಿತನ ಮಾಡಿ, ಹತ್ತು ನಿಮಿಷ ತಡವಾಗಿ ಮಳವಳ್ಳಿ ಮುಟ್ಟಿದ್ದರು. ಈಗ ಯುದ್ಧ ಮುಗಿದು, ಸೈನ್ಯದಿಂದ ಮರಳಿದವರೂ ಅದೇ ಕೆಲಸಕ್ಕೆ ಬರುತ್ತಿದ್ದರು. ಮುಂದಿನ ವರ್ಷಕ್ಕೆ ಇವರ ವಯಸ್ಸು ಮೀರುತ್ತಿತ್ತು. ಈ ಸಲ ತಪ್ಪಿದರೆ ಇನ್ನು ಆ ಬಾಗಿಲು ಇಲ್ಲ.

ಶಿವರಾತ್ರಿ ಕಳೆದ ಕೂಡಲೇ ಅತ್ತೆ ಮುತ್ತತ್ತಿಯ ಹನುಮಂತರಾಯನಿಗೆ ಹರಕೆ ಕಟ್ಟಿಕೊಂಡರು. ಸಮುದ್ರ ದಾಟಿದ ದೇವರಿಗೆ ಹದಿನಾರು ಮೈಲಿ ಯಾವ ಲೆಕ್ಕ ಎಂಬುದು ಅವರ ನಂಬಿಕೆ. ಹರಕೆ ಏನೆಂದರೆ, ಮಗನಿಗೆ ಕೆಲಸ ಆಗುವವರೆಗೂ ತಾಯಿಯೂ ಮಗನೂ ಉಪ್ಪು ಮುಟ್ಟುವುದಿಲ್ಲ. ನಾಲಗೆಗೆ ಯಾವುದನ್ನು ಬಿಡುವುದು ಕಷ್ಟವೋ ಅದನ್ನೇ ಬಿಡಬೇಕಂತೆ. ನನ್ನನ್ನು ಹರಕೆಗೆ ಸೇರಿಸಲಿಲ್ಲ. ನಾನು ಉಪ್ಪಿಲ್ಲದ ಸಾರು ಕಾಯಿಸಿ, ಇಬ್ಬರಿಗೂ ಬಡಿಸಿ, ಆಮೇಲೆ ನನ್ನ ತಟ್ಟೆಗೆ ಮಾತ್ರ ಕಳ್ಳಿಯ ಹಾಗೆ ಕಲ್ಲುಪ್ಪು ಉದುರಿಸಿಕೊಂಡು ಉಣ್ಣುತ್ತಿದ್ದೆ. ನಿಜ ಹೇಳುತ್ತೇನೆ, ನಾಚಿಕೆಯಾಗುತ್ತಿತ್ತು, ಆದರೆ ಉಪ್ಪಿಲ್ಲದ ಹುರುಳಿ ಸಾರು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಭ್ಯಾಸಕ್ಕೆ ಇವರು ಕೆರಗೋಡಿನ ದಾರಿ ಹಿಡಿದರು. ಅಲ್ಲಿಗೆ ಹೋಗಿ ಬಂದರೆ ಸರಿಸುಮಾರು ಹದಿನಾರು ಮೈಲಿ ಆಗುತ್ತಿತ್ತು. ಬೆಳಗ್ಗೆ ಆರಕ್ಕೆ ಹೊರಟು ಹತ್ತರ ಹೊತ್ತಿಗೆ ಬೆವರು ಸುರಿಸಿಕೊಂಡು ನಾಲೆ ಏರಿಯ ಮೇಲೆ ಬರುತ್ತಿದ್ದರು. ಮೊದಲ ಹದಿನೈದು ದಿನ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ದಿನ ಹನ್ನೊಂದಾದರೂ ಬರಲಿಲ್ಲ. ನಾನು ಹುಡುಕಿಕೊಂಡು ಹೋದರೆ ಏರಿಯ ಮೇಲೆ ಕೂತು ಎಡಗಾಲನ್ನು ಎರಡೂ ಕೈಯಲ್ಲಿ ಹಿಸುಕುತ್ತಾ ಹಲ್ಲು ಕಚ್ಚಿದ್ದರು.

"ಮೀನ್ಕಂಡ ಇಡ್ಕಂಡ್ಬುಡ್ತು" ಎಂದರು.

ಮುಟ್ಟಿ ನೋಡಿದೆ. ಮೊಣಕಾಲಿನ ಹಿಂದೆ, ಕೆಳಗಡೆ, ಆ ಮಾಂಸ ಕಲ್ಲಾಗಿತ್ತು. ಚರ್ಮದ ಒಳಗೆ ಇಲಿ ಸೇರಿಕೊಂಡ ಹಾಗೆ ಅಲ್ಲಲ್ಲಿ ಅದುರುತ್ತಿತ್ತು. ನೋವಿರುವುದು ಇವರಿಗೆ. ನಾನು ಮಾತ್ರ ಅದನ್ನು ನೋಡುವುದರಲ್ಲೇ ಮೈಮರೆತಿದ್ದೆ. "ಏನ್ ಜಾತ್ರೆ ನೋಡ್ದಂಗ್ ನೋಡ್ತಿದ್ದೀಯಾ, ಉಜ್ಜು" ಎಂದು ಗದರಿದ ಮೇಲೆಯೇ ಕೈ ಹಾಕಿದ್ದು.

ಅಂದಿನಿಂದ ಎರಡು ದಿನಕ್ಕೊಮ್ಮೆ ಇದೇ ಗೋಳು. ಹೋಗುವಾಗ ಚೆನ್ನಾಗಿರುವ ಕಾಲು ಬರುವಾಗ ಎಲ್ಲಾದರೂ ಹಿಡಿದುಕೊಳ್ಳುತ್ತಿತ್ತು. ಊರಿನವರಿಗೆಲ್ಲ ಕಾರಣ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು. ಕಣ್ಣು ಬಿದ್ದಿದೆ ಎಂದು ಒಬ್ಬರು ಇಳಿ ತೆಗೆದರು. ಶೀತ ಎಂದು ಇನ್ನೊಬ್ಬರು ಲಕ್ಕಿ ಸೊಪ್ಪಿನ ನೀರು ಕಾಯಿಸಿ ಹುಯ್ಯಿಸಿದರು. ಹರಳೆಣ್ಣೆ ಹಚ್ಚಿ ಮರಳಿನ ಶಾಖ ಕೊಟ್ಟೆವು. ಶಾಖಕ್ಕೆ ಹಿತವಾಗುತ್ತಿತ್ತು, ಮಾರನೆಯ ದಿನ ಮತ್ತೆ ಹಿಡಿಯುತ್ತಿತ್ತು. ಕೊನೆಗೆ ಯಾರೋ, ನಡೆಯುವಾಗ ಕುಡಿದ ನೀರು ಕಾಲಿಗಿಳಿಯುತ್ತದೆ, ಅದಕ್ಕೇ ಹೀಗೆ ಎಂದರು. ಇವರು ದಾರಿಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟರು. ಆ ವಾರ ಎರಡು ಕಾಲೂ ಹಿಡಿದುಕೊಂಡವು. ಅತ್ತೆ ಹರಕೆಯನ್ನು ಇನ್ನೂ ಬಿಗಿ ಮಾಡಿದರು, ಉಪ್ಪಿನಕಾಯಿಯ ಜಾಡಿಯನ್ನು ಅಟ್ಟಕ್ಕೇರಿಸಿದರು.

ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಬಟ್ಟೆ ಒಗೆಯುವಾಗ. ಅಭ್ಯಾಸ ಶುರುವಾದ ಮೊದಲ ದಿನಗಳಲ್ಲಿ ಇವರ ಅಂಗಿ ಬೆನ್ನಿನ ಮೇಲೆ ಬೆಳ್ಳಗೆ ಗೆರೆಗೆರೆಯಾಗಿ ಒಣಗಿರುತ್ತಿತ್ತು. ಅದನ್ನು ಬಿಡಿಸಲು ನಾಲೆಯ ಕಲ್ಲಿನ ಮೇಲೆ ಎರಡು ಸಲ ಕುಕ್ಕಬೇಕಾಗುತ್ತಿತ್ತು. ಈಗ ಬೆವರು ಅಷ್ಟೇ ಇದ್ದರೂ ಅಂಗಿಯ ಮೇಲೆ ಗೆರೆ ಕಾಣುತ್ತಿರಲಿಲ್ಲ. ಒಗೆಯುವವಳಿಗೆ ಕೆಲಸ ಕಡಿಮೆಯಾಯಿತು ಎಂದು ಸುಮ್ಮನಿರಬಹುದಿತ್ತು. ನಾನು ಸುಮ್ಮನಿರುವ ಜಾತಿಯಲ್ಲ. ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಗಿಯ ಬೆನ್ನಿಗೆ ನಾಲಗೆ ತಾಗಿಸಿದೆ. ಸಪ್ಪೆ. ನನ್ನದೇ ಕುಪ್ಪಸದ ಕಂಕುಳ ಹತ್ತಿರ ತಾಗಿಸಿದೆ. ಉಪ್ಪು. ಪಕ್ಕದ ಕಲ್ಲಿಗೆ ಬರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಕಂಡು ನಿಂತುಬಿಟ್ಟಳು. ಹೊಸ ಸೊಸೆಗೆ ತಲೆ ಸರಿಯಿಲ್ಲ ಎಂಬ ಸುದ್ದಿ ಅಂದೇ ಊರು ತುಂಬಿತು.

ಅದೇ ವಾರ ಇವರು ಹನ್ನೆರಡು ಗಂಟೆಗೆ ಬಂದರು, ಆದರೆ ಕುಂಟದೆ ಬಂದರು. ಮುಖದಲ್ಲಿ ತಪ್ಪು ಮಾಡಿದವರ ಕಳೆ. ಅತ್ತೆ ಗದ್ದೆಗೆ ಹೋಗಿದ್ದರು. ನಾನು ಎದುರು ಕೂತು ಕೇಳಿದೆ, ಬಾಯಿ ಬಿಟ್ಟರು. ಕೆರಗೋಡಿನಲ್ಲಿ ಇವರ ದೊಡ್ಡಪ್ಪನ ಮಗಳು, ಅಕ್ಕ ಒಬ್ಬಳಿದ್ದಳು. ದಿನವೂ ಅವಳ ಮನೆ ತಪ್ಪಿಸಿ ಊರ ಹೊರಗಿನಿಂದಲೇ ತಿರುಗುತ್ತಿದ್ದರಂತೆ. ಅವತ್ತು ಅವಳು ದಾರಿಯಲ್ಲೇ ಹಿಡಿದು ಒಳಗೆ ಕರೆದು, ಎರಡು ಮುದ್ದೆ, ಬಸ್ಸಾರು ಇಟ್ಟಳಂತೆ.

"ಅರಕೆ ಅಂತ ಯೋಳಕ್ಕೆ ಬಾಯೇ ಬರ್ನಿಲ್ಲ. ಉಂಡ್ಬುಟ್ಟೆ" ಎಂದರು. "ಅವ್ವುಂಗೆ ಯೋಳ್ಬೇಡ."

"ಬರುವಾಗ ಕಾಲು?"

"ಕಾಲ್ಗೇನಾಯ್ತದೆ? ಗಾಳೀಲಿ ಬಂದಂಗೆ ಬಂದೆ."

ಇವರು ಹೆದರಿದ್ದು ದೇವರಿಗೆ. ನನಗೆ ದೇವರ ನೆನಪೂ ಆಗಲಿಲ್ಲ. ಅಂಗಿ, ಬಸ್ಸಾರು, ಕಾಲು ಮೂರೂ ತಲೆಯಲ್ಲಿ ಒಟ್ಟಿಗೆ ಸುತ್ತತೊಡಗಿದವು. ಬಂಡೂರಿನಲ್ಲಿ ಬೇಸಿಗೆ ಬಂದರೆ ಅಪ್ಪ ಕೊಟ್ಟಿಗೆಯ ಮುಂದಿನ ಚಪ್ಪಡಿಯ ಮೇಲೆ ಕಲ್ಲುಪ್ಪು ಹರಡುತ್ತಿದ್ದ, ಕುರಿಗಳು ನೂಕಾಡಿಕೊಂಡು ನೆಕ್ಕುತ್ತಿದ್ದವು. ಯಾಕಪ್ಪ ಎಂದರೆ, ಇಲ್ಲದಿದ್ದರೆ ದೂರ ಹೊಡೆದುಕೊಂಡು ಹೋದಾಗ ದಾರಿಯಲ್ಲೇ ಕೂತುಬಿಡುತ್ತವೆ ಎನ್ನುತ್ತಿದ್ದ. ಗಂಡನನ್ನು ಕುರಿಗೆ ಹೋಲಿಸಿದ್ದು ಗೊತ್ತಾದರೆ ಅತ್ತೆ ನನ್ನನ್ನು ಒಲೆಗೆ ಹಾಕುತ್ತಿದ್ದರು.

ನಮ್ಮ ಬೀದಿಯ ತುದಿಯಲ್ಲಿ ಒಬ್ಬರು ಸಾಬರಿದ್ದರು. ರೈಲಿನ ಇಂಜಿನ್ನಿನ ಬೆಂಕಿಗೆ ವರ್ಷಗಟ್ಟಲೆ ಇದ್ದಲು ಹಾಕಿ, ಈಗ ಕೆಲಸ ಬಿಟ್ಟು, ಜಗಲಿಯ ಮೇಲೆ ಕೂತು ಸ್ಟವ್ವು, ಸೈಕಲ್ಲು ರಿಪೇರಿ ಮಾಡುತ್ತಿದ್ದರು. ಬೆವರಿನ ವಿಷಯ ಅವರಷ್ಟು ಬಲ್ಲವರು ಊರಲ್ಲಿ ಇನ್ಯಾರು ಎನ್ನಿಸಿತು. ಸ್ಟವ್ವಿನ ಪಿನ್ನು ಕೊಳ್ಳುವ ನೆವದಲ್ಲಿ ಹೋದೆ.

"ಸಾಬಣ್ಣ, ಬೆಂಕಿ ಮುಂದೆ ನಿಂತಾಗ ಮೀನ್ಕಂಡ ಇಡ್ಕತಿತ್ತಾ?"

ಅವರು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದರು. "ಇದೇನ್ ತಂಗ್ಯಮ್ಮ, ಹೆಣ್ಮಗ್ಳು ಕೇಳೋ ಮಾತಾ ಇದು? ಹೊಸ್ದಾಗಿ ಸೇರ್ದಾಗ ದಿನಾ ಹಿಡ್ಕೋತಿತ್ತು. ಬರೀ ನೀರು ಕುಡೀತಿದ್ದೆ, ಕೊಡಗಟ್ಲೆ. ಮೇಲಿನ ಡ್ರೈವರು ಬೈದ್ರು. ನೀರ್ಗೆ ಉಪ್ಪಾಕು, ಇಲ್ದಿದ್ರೆ ಕುಡೀಬೇಡ ಅಂದ್ರು. ಆಮೇಲೆ ನಿಂತೋಯ್ತು."

"ಇಡ್ಕಂಡಾಗ ಏನ್ ಮಾಡ್ತಿದ್ರಿ?"

ಸಾಬರು ಎದ್ದು ತೋರಿಸಿಯೇಬಿಟ್ಟರು. ಜಗಲಿಯ ಅಂಚಿನ ಮೇಲೆ ಮುಂಗಾಲು ಮಾತ್ರ ಊರಿ, ಹಿಮ್ಮಡಿಯನ್ನು ಮೆಲ್ಲಗೆ ಕೆಳಕ್ಕೆ ಇಳಿಬಿಟ್ಟರು. ಮೊಣಕಾಲು ನೆಟ್ಟಗಿರಬೇಕು, ಕುಪ್ಪಳಿಸಬಾರದು, ಎಳೆದ ಹಾಗಾದ ಮೇಲೆ ಇಪ್ಪತ್ತು ಎಣಿಸುವವರೆಗೂ ಹಾಗೆಯೇ ನಿಲ್ಲಬೇಕು. ನಿಲ್ಲಲು ಆಗದಿದ್ದರೆ ಕೂತು, ಕಾಲು ಚಾಚಿ, ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ಬಗ್ಗಿಸಬೇಕು. "ನೀವು ಮೀನ್ಖಂಡನ ಹಿಸುಕ್ತೀರಿ, ಅದು ಇನ್ನೂ ಸಿಟ್ಟಾಗ್ತದೆ. ಮೊದ್ಲು ಉದ್ದ ಮಾಡಿ, ಆಮೇಲೆ ಮೆಲ್ಲಗೆ ಉಜ್ಜಿ" ಎಂದರು. ಪಿನ್ನಿಗೆ ಕಾಸೂ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ನಾನೇ ಮೊದಲು ಮಾಡಿ ನೋಡಿದೆ. ಅಂಚು ಬೇಕಲ್ಲ ಎಂದು ಹೊಸ್ತಿಲ ಮೇಲೆ ನಿಂತೆ. ಆ ಹೊತ್ತಿಗೇ ಅತ್ತೆ ಬಂದರು. ಹೊಸ್ತಿಲು ತುಳಿದ ಸೊಸೆಗೆ ಅವರು ಅವತ್ತು ಹಾಕಿದ ಮಂಗಳಾರತಿ ಬೀದಿಗೆ ಕೇಳಿಸಿತು. ಮರುದಿನದಿಂದ ಇವರೂ ನಾನೂ ಹಿತ್ತಿಲ ಒಗೆಯುವ ಕಲ್ಲಿನ ಅಂಚಿಗೆ ಹೋದೆವು. ಬೆಳಗ್ಗೆ ಹೊರಡುವ ಮುಂಚೆ, ಬಂದ ಮೇಲೆ, ಒಂದೊಂದು ಕಾಲಿಗೆ ಮೂರು ಸಲ.

ಉಪ್ಪಿನ ಕೆಲಸ ಅಷ್ಟು ಸುಲಭವಿರಲಿಲ್ಲ. ಅದು ಅತ್ತೆಯ ಬಾಯಿಂದ ದೇವರಿಗೆ ಹೋದ ಮಾತು. ಎರಡು ದಿನ ನನ್ನೊಳಗೇ ಜಗಳ ಆಡಿದೆ. ಮಾತು ತಪ್ಪಿಸಿದ ಪಾಪ ಒಂದು ಕಡೆ, ಏರಿಯ ಮೇಲೆ ಕಾಲು ಹಿಡಿದು ಕೂತ ಗಂಡ ಒಂದು ಕಡೆ. ಮೂರನೆಯ ದಿನ ಮಜ್ಜಿಗೆಯ ಚೊಂಬಿಗೆ ಉಪ್ಪು ಹಾಕಿ ಕದಡಿ, ನಾಲೆ ಏರಿಗೆ ಒಯ್ದು ಇವರ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ನಾನು ನೀರಿನ ಕಡೆ ನೋಡಿದೆ. ಚೊಂಬು ಖಾಲಿ ಮಾಡಿ ಬಾಯಿ ಒರೆಸಿಕೊಂಡರು. ಅಂದಿನಿಂದ ಹೊರಡುವಾಗಲೂ ಒಂದು ಸೋರೆ ಬುರುಡೆಯ ತುಂಬ ಅದೇ ಮಜ್ಜಿಗೆ ಕಟ್ಟಿ ಕಳಿಸಿದೆ, ದಾರಿಯಲ್ಲಿ ಎರಡು ಮೈಲಿಗೊಮ್ಮೆ ಒಂದೊಂದು ಗುಟುಕು ಕುಡಿಯಲಿ ಎಂದು. ಇಬ್ಬರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಒಂದು ವಾರ ಕಾಲು ಹಿಡಿಯಲಿಲ್ಲ. ಅಂಗಿಯ ಬೆನ್ನಿನ ಮೇಲೆ ಮತ್ತೆ ಬಿಳಿ ಗೆರೆ ಬಂತು, ನಾನು ಖುಷಿಯಿಂದ ಕುಕ್ಕಿ ಕುಕ್ಕಿ ಒಗೆದೆ.

ಆ ಖುಷಿಯಲ್ಲಿ ಒಂದನ್ನು ಮರೆತಿದ್ದೆ. ಉಪ್ಪು ಬಿಟ್ಟವರು ಇಬ್ಬರು. ಅತ್ತೆ ಬಿಸಿಲಲ್ಲಿ ಬಗ್ಗಿ ಕಬ್ಬಿನ ಸಾಲಿನಲ್ಲಿ ಕಳೆ ಕೀಳುತ್ತಾ ಎರಡು ಸಲ ಮೀನಖಂಡ ಹಿಡಿದು ಬಿದ್ದಿದ್ದರಂತೆ, ಮನೆಯಲ್ಲಿ ಹೇಳಿರಲಿಲ್ಲ.

ಪರೀಕ್ಷೆಗೆ ಇನ್ನು ಆರು ದಿನವಿತ್ತು. ನಾನು ಚೊಂಬು ಹಿಡಿದು ಏರಿಯ ಮೇಲೆ ಇವರ ದಾರಿ ಕಾಯುತ್ತಿದ್ದೆ. ಪಕ್ಕದ ಗದ್ದೆಯಿಂದ ಅತ್ತೆ ಕಾಲೆಳೆದುಕೊಂಡು ಮೇಲೆ ಬಂದರು. ಮುಖ ಬಾಡಿಹೋಗಿತ್ತು. "ತಾ ಇಲ್ಲಿ, ಗಂಟ್ಲು ಒಣ್ಗೋಗದೆ" ಎಂದು ನನ್ನ ಕೈಯಿಂದ ಚೊಂಬು ಕಿತ್ತುಕೊಂಡರು. ಬೇಡ ಎನ್ನುವಷ್ಟರಲ್ಲಿ ಚೊಂಬು ಅವರ ತುಟಿಗೆ ಹೋಗಿತ್ತು. ಮೊದಲ ಗುಟುಕಿಗೆ ಅತ್ತೆ ನಿಂತರು. ಕಣ್ಣು ಮುಚ್ಚಿದರು. ಆಮೇಲೆ ಚೊಂಬು ಕೆಳಗಿಳಿಸದೆ ಗಟಗಟನೆ ತಳದವರೆಗೂ ಕುಡಿದುಬಿಟ್ಟರು.

"ಎಷ್ಟ್ ದಿನದಿಂದ?" ಎಂದರು.

"ಎಂಟ್ ದಿನ ಆಯ್ತು ಅತ್ತೆ."

"ಅವನ್ಗೆ ಗೊತ್ತಾ?"

"ನಾಲ್ಗೆ ಅವ್ರದೇ ಅಲ್ವಾ ಅತ್ತೆ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ, ಏರಿಯ ಮೇಲೆ ಕೂತರು. ನಾನೂ ಕೂತು ಎಲ್ಲವನ್ನೂ ಹೇಳಿದೆ. ಅಂಗಿ ನೆಕ್ಕಿದ್ದು, ಇಂಜಿನ್ನಿನ ಸಾಬರು, ಕುರಿಯನ್ನೂ ಬಿಡಲಿಲ್ಲ. ಕೆರಗೋಡಿನ ಊಟ ಮಾತ್ರ ಬಿಟ್ಟೆ, ಅದು ಇವರು ನನ್ನಲ್ಲಿಟ್ಟ ಗುಟ್ಟು. ಅತ್ತೆ ಖಾಲಿ ಚೊಂಬನ್ನು ಕೈಯಲ್ಲೇ ತಿರುಗಿಸುತ್ತಾ ಕೇಳಿದರು.

"ಉಗುಳ್ಬೇಕಿತ್ತು ಕಣಮ್ಮಿ" ಎಂದರು ಕೊನೆಗೆ. "ಉಗುಳ್ನಿಲ್ಲ ನೋಡು ನಾನು. ಬಾಯ್ಗೆ ಬಿದ್ದೇಟ್ಗೆ ಕುಡುದ್ಬುಟ್ಟೆ."

"ತಪ್ಪು ನಂದು ಅತ್ತೆ."

"ತಪ್ಪು ಗಿಪ್ಪು ಆಮೇಲೆ. ಅವನ್ಗೆ ಉಪ್ಪಾಕು. ನನ್ಗೆ ಗೊತ್ತಾಯ್ತು ಅಂತ ಅವನ್ತಾವ ಸೊಲ್ಲೆತ್ತಬೇಡ, ಎದ್ರುಕತಾನೆ. ಅರಕೆ ಕಟ್ಕಂಡೋಳು ನಾನು, ಅವನ್ ಪಾಲ್ದೂ ನಾನೇ ತೀರುಸ್ತೀನಿ."

"ಎಂಗೆ?"

"ಕೆಲ್ಸ ಆಗೋಗಂಟ ಅಂದಿದ್ದೆ. ಈಗ ನಾನ್ ಇರೋಗಂಟ."

ಸಿಟ್ಟಿನಲ್ಲಿ ಆಡಿದ ಮಾತು, ಕೆಲಸ ಸಿಕ್ಕ ಸಂತೋಷದಲ್ಲಿ ಮರೆಯುತ್ತಾರೆ ಎಂದು ನಾನು ಅಂದುಕೊಂಡೆ. ಅತ್ತೆಯನ್ನು ನಾನು ಎಷ್ಟು ಕಡಿಮೆ ಬಲ್ಲವಳಾಗಿದ್ದೆ!

ಪರೀಕ್ಷೆಯ ದಿನ ನಾವಿಬ್ಬರೂ ಮಳವಳ್ಳಿಯಲ್ಲಿದ್ದೆವು. ಹಿಂದಿನ ದಿನವೇ ಬಸ್ಸಿನಲ್ಲಿ ಬಂದು, ಅಲ್ಲಿಗೆ ಹತ್ತಿರದ ನನ್ನ ತವರಿನಲ್ಲಿ ಉಳಿದು, ಬೆಳಗ್ಗೆ ಊರ ಬಾಗಿಲಿನ ಹುಣಸೆ ಮರದ ನೆರಳಿಗೆ ಬಂದು ಕೂತಿದ್ದೆವು. ಅತ್ತೆ ಕಣ್ಣು ಮುಚ್ಚಿ ಹನುಮಂತರಾಯನನ್ನು ಕರೆಯುತ್ತಿದ್ದರು. ನಾನು ಬರುವವರ ಕಾಲನ್ನೇ ನೋಡುತ್ತಿದ್ದೆ. ಮೊದಲು ಒಬ್ಬ ಬಂದ, ಹಿಂದೆ ಇಬ್ಬರು. ಒಬ್ಬನ ಹಿಮ್ಮಡಿ ನೆಲ ಮುಟ್ಟುತ್ತಲೇ ಇರಲಿಲ್ಲ, ಇವನಿಗೆ ಈಗ ಹಿಡಿಯುತ್ತದೆ ಎಂದುಕೊಂಡೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಪಾಪ ಕಾಲು ಹಿಡಿದು ಕುಸಿದ. ನನಗೆ ತಡೆಯಲಾಗಲಿಲ್ಲ. "ಬೆರಳ್ನ ಮೊಣಕಾಲ್ ಕಡೆ ಬಗ್ಗುಸಣ್ಣ" ಎಂದು ಕೂಗಿಬಿಟ್ಟೆ. ಅವನು ಬೆಪ್ಪಾಗಿ ನೋಡಿ ಹಾಗೇ ಮಾಡಿದ, ಎದ್ದ, ಕುಂಟುತ್ತಾ ಮುಟ್ಟಿದ. ಅತ್ತೆ ಒಂದು ಕಣ್ಣು ತೆರೆದು, "ಇನ್ನೊಬ್ರ ಮಗುನ್ಗೆ ಯೋಳ್ಕೊಡ್ತಿದ್ದೀಯಾ? ನಮ್ಮೋನೆಲ್ಲಿ?" ಎಂದರು.

ನಮ್ಮವರು ಬಂದಾಗ ಗಡಿಯಾರ ಹಿಡಿದಿದ್ದ ಸಾಹೇಬರು ಎದ್ದು ನಿಂತಿದ್ದರು. ಆರು ನಿಮಿಷ ಉಳಿದಿತ್ತು. ಕಾಳಮುದ್ದನದೊಡ್ಡಿ ದಾಟಿದ ಮೇಲೆ ಬಲಗಾಲು ಒಮ್ಮೆ ಹಿಡಿಯಿತಂತೆ. ಮೈಲಿಗಲ್ಲಿನ ಬುಡಕ್ಕೆ ಮುಂಗಾಲು ಒರಗಿಸಿ, ಹಿಮ್ಮಡಿ ನೆಲಕ್ಕೊತ್ತಿ ಇಪ್ಪತ್ತು ಎಣಿಸಿ, ಬುರುಡೆಯಲ್ಲಿದ್ದ ಮಜ್ಜಿಗೆ ಕುಡಿದು, ಕೂರದೆ ಮೆಲ್ಲಗೆ ಹೆಜ್ಜೆ ಹಾಕಿ ಆಮೇಲೆ ಬೀಸಿ ನಡೆದರಂತೆ. ಅತ್ತೆ ಮಗನ ಕಾಲನ್ನು ತಡವಿ ತಡವಿ ಅತ್ತರು. ನನಗೂ ಅಳು ಬಂತು. ತಿಂಗಳೊಪ್ಪತ್ತಿನಲ್ಲಿ ಕೆಲಸದ ಆರ್ಡರು ಬಂತು.

ಆರ್ಡರು ಬಂದ ದಿನ ಒಬ್ಬಟ್ಟು, ಒಬ್ಬಟ್ಟಿನ ಸಾರು ಮಾಡಿದೆ. ಅತ್ತೆಯ ತಟ್ಟೆಗೆ ಸಾರು ಬಿಡಲು ಹೋದರೆ ಕೈ ಅಡ್ಡ ಹಿಡಿದರು. ಉಪ್ಪು ಹಾಕದೆ ನನಗೆ ಬೇರೆ ಎತ್ತಿಟ್ಟಿದ್ದೀಯಾ ಎಂದು ಕೇಳಿದರು. ನಾನು ಕೆಲಸ ಆಯಿತಲ್ಲ ಎಂದೆ, ಗೋಗರೆದೆ, ಕೂಗಾಡಿದೆ. ಇವರು ಕಾರಣ ಗೊತ್ತಿಲ್ಲದೆ ನಮ್ಮಿಬ್ಬರ ಮುಖ ನೋಡಿದರು. ಅತ್ತೆ ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದು ಎದ್ದರು. ಅಂದಿನಿಂದ ಒಲೆಯ ಮೂಲೆಯಲ್ಲಿ ಅವರಿಗೊಂದು ಪುಟ್ಟ ಗಡಿಗೆ ಬೇರೆಯಾಗಿಯೇ ಉಳಿಯಿತು.

ಮಗ ಸಂಬಳ ತರತೊಡಗಿದರೂ ಅತ್ತೆ ಮನೆಯಲ್ಲಿ ಕೂರುವವರಲ್ಲ. ಮರುವರ್ಷ ಕಬ್ಬು ಕಡಿಯುವ ಕಾಲದಲ್ಲಿ ಒಂದು ಮಧ್ಯಾಹ್ನ ನಮ್ಮ ಪಟ್ಟೆಯ ಬದುವಿನ ಮೇಲೆ ಕಾಲು ಹಿಡಿದು ಕೂತರು. ಬೆರಳು ಹಿಡಿದು ಮೊಣಕಾಲಿನ ಕಡೆಗೆ ಬಗ್ಗಿಸಿದೆ. ಒಣಗಿದ ಆ ಸಣ್ಣ ಕಾಲಿನಲ್ಲಿ ಮಾಂಸ ಕಲ್ಲಾಗಿ ಅದುರುತ್ತಿತ್ತು. ಇದಕ್ಕೆ ಏನು ಬೇಕು ಎಂದು ನನಗೆ ಗೊತ್ತು, ಕೊಡುವ ಹಾಗಿಲ್ಲ.

"ಅತ್ತೆ, ಉಪ್ಪಿಲ್ದೇ ಇಂಗಾಯ್ತದೆ ಅಂದ್ರೆ ನಿಮ್ಗೆ ನನ್ ಮಾತ್ ಮ್ಯಾಲೆ ನಂಬ್ಕೆ ಇಲ್ವಾ?"

"ನಂಬ್ಕೆ ಯಾಕಿಲ್ಲ? ಅವತ್ತು ನಿನ್ ಮಜ್ಗೆ ಕುಡುದ್ನಲ್ಲ, ಅವತ್ತೂ ಇಡೀನಿಲ್ಲ, ಮಾರ್ನೇ ದಿನ್ವೂ ಇಡೀನಿಲ್ಲ. ನಂಗೆ ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕತ್ತೆ?"

"ಗೊತ್ತಿಲ್ದಿದ್ರೆ ಸುಮ್ಕೆ ನಾಲ್ಗೆ ರುಚಿ ಬುಟ್ಟಂಗಾಯ್ತಿತ್ತು. ಅವನು ಈ ನೋವ ನಾಕ್ ವಾರ ತಿಂದ, ನನ್ ಮಾತಿಂದ. ನನ್ ಬಾಯಿಂದ ಬಂದಿದ್ದು ನನ್ ಕಾಲ್ಗೇ ಇರ್ಲಿ ಬುಡು."

ಕಾಲು ನನ್ನ ಮಡಿಲಲ್ಲೇ ಇತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ಅತ್ತೆ ನೋಡಿದರು.

"ಅಳ್ತಾ ಕೂರ್ಬೇಡ ಕಣಮ್ಮಿ, ಇದೂ ಇಡ್ಕತಾ ಅದೆ" ಎಂದು ಇನ್ನೊಂದು ಕಾಲನ್ನೂ ಚಾಚಿದರು.